ಮಂಗಳೂರಿನ ಹಳೆಯ ಕೋವಿ–ಹಾರ್ಡ್‌ವೇರ್ ಅಂಗಡಿ: ಚರಿತ್ರೆಯನ್ನು ಎಲ್ಲಿಂದ ಹಿಡಿಯುವುದು?

ಬಂದರ್‌ಬದಿ

ರಥಬೀದಿಯಿಂದ ಬಂದರಿಗೆ ಇಳಿಯುವ ಕಡೆ ಇದ್ದ ಒಂದು ಕುಟುಂಬದ ಅಂಗಡಿಯ ಚರಿತ್ರೆ ಬರೆಯುವ ಕೆಲಸ ಉಂಟು. ಒಂದು ಬದಿಯಲ್ಲಿ ಮೊಳೆ, ಬೀಗ, ಬಿಜಾಗರಿ, ಬಾವಿಯ ರಾಟೆ, ಅಡಿಕೆಗೆ ಬಿಡುವ ಮೈಲುತುತ್ತು. ಇನ್ನೊಂದು ಬದಿಯಲ್ಲಿ ಕೋವಿ, ತೋಟೆ (ಕಾಡತೂಸು), ಕೇಪು (ಮದ್ದಿಗೆ ಕಿಡಿ ಕೊಡುವ ಸಣ್ಣ ಸಿಡಿ ಟೋಪಿ), ಕೋವಿಮದ್ದು. ಕೋವಿ ವ್ಯಾಪಾರ 1980ರ ದಶಕದಲ್ಲಿ ನಿಂತಿತು. ಹಾರ್ಡ್‌ವೇರ್ ಆಮೇಲೂ ಕೆಲಕಾಲ ನಡೆಯಿತು, ಈಗ ಅದೂ ಇಲ್ಲ.

ಉಳಿದಿರುವ ಸಾಮಾನು ಇಷ್ಟು. "ಸ್ಥಾಪನೆ 1898" ಅಂತ ಬರೆದ ಬೋರ್ಡಿನ ಫೋಟೋ. ಒಂದು ಕಟ್ಟು ಬಿಲ್ಲುಗಳು, ಕೆಲವುದರ ಮೇಲೆ ತಾರೀಕೇ ಇಲ್ಲ, ವಿಳಾಸ "ಮಂಗಳೂರು, ಎಸ್.ಕೆ.". ಕೆಂಪು ಬಟ್ಟೆಯ ರಟ್ಟಿನ ಒಂದು ಖಾತೆ ಪುಸ್ತಕ, ಮೊದಲ ಪುಟದಲ್ಲಿ "ವಿಕ್ರಮ ಸಂ|| ಕಾರ್ತಿಕ ಶು|| 1". ತೆಳ್ಳಗಿನ ಕಾಗದದ ಒಂದು ದಪ್ಪ ಪುಸ್ತಕ, ಅದರಲ್ಲಿ ನೇರಳೆ ಬಣ್ಣದ ಇಂಗ್ಲಿಷ್ ಅಕ್ಷರ, ಅರ್ಧ ಉಲ್ಟಾ ಕಾಣುತ್ತದೆ. ಅಂಗಡಿಯಿಂದಲೇ ಹೋದದ್ದು ಎನ್ನುವ ಒಂದು ಜೋಡು ನಳಿಗೆ ಕೋವಿ ಕಾರ್ಕಳದ ಕಡೆ ಸಂಬಂಧಿಕರಲ್ಲಿ ಉಂಟು, ಲೈಸನ್ಸ್ ಸರಿ ಇದೆ.

1898 ಎನ್ನುವುದನ್ನು ಹೌದು ಅಥವಾ ಅಲ್ಲ ಅಂತ ಗಟ್ಟಿ ಮಾಡುವುದು ಹೇಗೆ? ಯಾವ ಕಚೇರಿಯಲ್ಲಿ ಯಾವ ಕಡತ ಕೇಳಬೇಕು? ಬಿಲ್ಲುಗಳ ಕಾಲ ಹೇಗೆ ಹೇಳುವುದು?

---

ಕುಡ್ಲದವ

ಇಷ್ಟಕ್ಕೆಲ್ಲ ತಲೆಬಿಸಿ ಯಾಕೆ? ರಿಜಿಸ್ಟ್ರಾರ್ ಆಫ್ ಫರ್ಮ್ಸ್ ಕಚೇರಿಯಲ್ಲಿ ಅಂಗಡಿಯ ಹೆಸರು ಕೊಟ್ಟರೆ ಶುರುವಾದ ತಾರೀಕು ಸಿಗುತ್ತದೆ. ಒಂದೇ ದಿನದ ಕೆಲಸ.

---

ಹಳೆಕಡತ

ಅಷ್ಟು ಸುಲಭ ಇಲ್ಲ ಮಾರಾಯ್ರೆ. ಪಾಲುದಾರಿಕೆ ಸಂಸ್ಥೆಗಳನ್ನು ನೋಂದಾಯಿಸುವ ಪದ್ಧತಿ ಬಂದದ್ದೇ 1932ರ ಪಾಲುದಾರಿಕೆ ಕಾಯ್ದೆಯಿಂದ. ಅದಕ್ಕೆ ಮೊದಲು ಪಾಲುದಾರಿಕೆ 1872ರ ಕರಾರು ಕಾಯ್ದೆಯ ಒಂದು ಅಧ್ಯಾಯವಾಗಿತ್ತು, ಅದರಲ್ಲಿ ರಿಜಿಸ್ಟರ್ ಎನ್ನುವುದೇ ಇಲ್ಲ. 1932ರ ನಂತರವೂ ನೋಂದಣಿ ಕಡ್ಡಾಯ ಅಲ್ಲ. ಮಾಡಿಸದಿದ್ದರೆ ಬಾಕಿದಾರರ ಮೇಲೆ ದಾವೆ ಹಾಕಲಿಕ್ಕೆ ಆಗುವುದಿಲ್ಲ (69ನೇ ಕಲಮು), ಅದಕ್ಕೆ ಹೆದರಿ ಮಾಡಿಸಿದವರೇ ಹೆಚ್ಚು. ಹಿಂದೂ ಅವಿಭಕ್ತ ಕುಟುಂಬದ ಅಂಗಡಿಯಾದರೆ ಅದು ಪಾಲುದಾರಿಕೆಯೇ ಅಲ್ಲ, ಆ ರಿಜಿಸ್ಟರಿನಲ್ಲಿ ಹೆಸರು ಇರಲಿಕ್ಕಿಲ್ಲ. ಹೆಸರು ಇದ್ದರೆ 66ನೇ ಕಲಮಿನಲ್ಲಿ ಯಾರು ಬೇಕಾದರೂ ಶುಲ್ಕ ಕಟ್ಟಿ ನಕಲು ತೆಗೆಯಬಹುದು. ಪಾಲುದಾರರು ಯಾವಾಗ ಸೇರಿದರು, ಯಾವಾಗ ಬಿಟ್ಟರು ಎನ್ನುವುದು ಅದರಲ್ಲಿ ಸಿಗುತ್ತದೆ. ಒಳ್ಳೆಯ ದಾಖಲೆಯೇ, ಆದರೆ 1898ಕ್ಕೆ ಅದರಿಂದ ಪ್ರಯೋಜನ ಇಲ್ಲ.

ಈಗ ಮುಖ್ಯ ವಿಷಯ. ಇಂಥ ಅಂಗಡಿಯನ್ನು ಕೋವಿಯ ಬದಿಯಿಂದ ಹಿಡಿಯಬೇಕು. ಮೊಳೆ ಮಾರುವವನಿಗೆ ಸರಕಾರದ ಅಪ್ಪಣೆ ಬೇಕಿರಲಿಲ್ಲ. ಕೋವಿ ಮಾರುವವನಿಗೆ 1878ರ ಭಾರತೀಯ ಶಸ್ತ್ರಾಸ್ತ್ರ ಕಾಯ್ದೆಯಿಂದ ಈಚೆಗೆ ಲೈಸನ್ಸ್ ಬೇಕು, ಅದರ ನವೀಕರಣ ಬೇಕು, ಬಂದ ಮಾಲು, ಹೋದ ಮಾಲು, ಕೊಂಡವನ ಲೈಸನ್ಸ್ ನಂಬರ್ ಎಲ್ಲ ಪುಸ್ತಕದಲ್ಲಿ ಇಡಬೇಕು, ಅಧಿಕಾರಿ ಬಂದು ಕೇಳಿದಾಗ ತೋರಿಸಬೇಕು. ಒಂದು ಕ್ವಿಂಟಾಲ್ ಕಬ್ಬಿಣ ಯಾರಿಗೆ ಹೋಯಿತು ಎಂದು ಯಾರೂ ಬರೆದಿಡಲಿಲ್ಲ, ಒಂದೊಂದು ಕೋವಿ ಯಾರಿಗೆ ಹೋಯಿತು ಎಂದು ಎರಡು ಕಡೆ ಬರೆದಿದ್ದಾರೆ.

ಕಡತ ಎಲ್ಲಿದೆ ಎನ್ನುವುದು ಕಾಲದ ಮೇಲೆ ಹೋಗುತ್ತದೆ.

1956 ನವೆಂಬರ್ 1ರ ತನಕ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿದ್ದು. ಕಲೆಕ್ಟರ್ ಕಚೇರಿಯ ಹಳೆಯ ಕಾಗದದಲ್ಲಿ ಮದ್ರಾಸಿನ ಕ್ರಮದ ಗುರುತು ಇರುತ್ತದೆ: ಕಡತದ ನಂಬರಿನ ಮುಂದೆ "ಆರ್. ಡಿಸ್." ಇದ್ದರೆ ಕಾಯಂ ಇಡಬೇಕಾದದ್ದು, "ಡಿ. ಡಿಸ್." ಇದ್ದರೆ ಹತ್ತು ವರ್ಷ, "ಎಲ್. ಡಿಸ್." ಅದಕ್ಕಿಂತಲೂ ಕಡಿಮೆ. ನಿಮ್ಮ ಕಟ್ಟಿನಲ್ಲಿ ಕಲೆಕ್ಟರ್ ಕಚೇರಿಯಿಂದ ಬಂದ ಯಾವುದಾದರೂ ಪತ್ರ ಇದ್ದರೆ ಮೊದಲು ಆ ಗುರುತು ನೋಡಿ. ಡಿ. ಡಿಸ್. ಆಗಿದ್ದರೆ ಆ ಕಡತಕ್ಕಾಗಿ ಅಲೆಯಬೇಡಿ, ಎಂದೋ ಸುಟ್ಟಿರುತ್ತಾರೆ. ಆರ್. ಡಿಸ್. ಆಗಿದ್ದರೆ ನಂಬರು, ವರ್ಷ ಎರಡನ್ನೂ ಬರೆದುಕೊಳ್ಳಿ. ಪ್ರಾಂತದ ಮಟ್ಟಕ್ಕೆ ಹೋದ ವಿಷಯವಾದರೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿ ಹುಡುಕಬೇಕು. ಅಲ್ಲಿ ವರ್ಷವಾರು ಸೂಚಿ ಸಂಪುಟಗಳಿವೆ, ವ್ಯಕ್ತಿಯ ಹೆಸರು, ಊರು, ವಿಷಯ ಮೂರರಲ್ಲೂ ನೋಡಬೇಕು. "ಮಂಗಳೂರು" ಸಿಗದಿದ್ದರೆ "ಸೌತ್ ಕೆನರಾ" ನೋಡಿ. ಕೆನರಾಕ್ಕೆ "ಸಿ" ಅಕ್ಷರವೂ ಉಂಟು, "ಕೆ" ಅಕ್ಷರವೂ ಉಂಟು, ಎರಡನ್ನೂ ನೋಡದೆ ಬಿಡಬೇಡಿ.

1956ರಿಂದ ಈಚಿನದ್ದು ಮಂಗಳೂರು ಜಿಲ್ಲಾಧಿಕಾರಿ ಕಚೇರಿಯ ದಂಡಾಧಿಕಾರಿ ಶಾಖೆಯಲ್ಲಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಜಾರಿಗೆ ಬಂದದ್ದು 1962 ಅಕ್ಟೋಬರ್ 1ರಂದು. ಆಗ ಹಳೆ ನಮೂನೆಯ ಲೈಸನ್ಸುಗಳೆಲ್ಲ ಹೊಸ ನಮೂನೆಗೆ ಬಂದವು, ಹಾಗಾಗಿ 1962–63ರ ಕಡತದಲ್ಲಿ ಹಿಂದಿನ ಲೈಸನ್ಸಿನ ಉಲ್ಲೇಖ ಸಿಗುವ ಸಾಧ್ಯತೆ ಹೆಚ್ಚು. ನಾನಾದರೆ ಮೊದಲು ಕೇಳುವುದು ಆ ಕಡತವನ್ನೇ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಯಿತು. ಉಡುಪಿ, ಕಾರ್ಕಳ, ಕುಂದಾಪುರದ ಲೈಸನ್ಸುದಾರರ ವಿಷಯ ಈಗ ಮಣಿಪಾಲದ ರಜತಾದ್ರಿಯಲ್ಲಿ (ಉಡುಪಿ ಜಿಲ್ಲಾಧಿಕಾರಿ ಕಚೇರಿ). 2010ರಲ್ಲಿ ಮಂಗಳೂರಿಗೆ ಪೊಲೀಸ್ ಕಮಿಷನರೇಟ್ ಬಂದ ಮೇಲೆ ನಗರದ ಲೈಸನ್ಸ್ ಕೆಲಸ ಅಲ್ಲಿಗೆ ಹೋಯಿತು. ನಿಮ್ಮದು 80ರ ದಶಕದಲ್ಲೇ ನಿಂತ ಅಂಗಡಿ, ಆದ್ದರಿಂದ ಕಡತ ಡಿಸಿ ಕಚೇರಿಯ ದಾಖಲೆ ಕೋಣೆಯಲ್ಲೇ ಉಳಿದಿರಬೇಕು. ಕಾಸರಗೋಡು ಕಡೆಯ ಗಿರಾಕಿಗಳ ಲೈಸನ್ಸ್ ವಿಷಯ 1956ರ ನಂತರ ಕೇರಳಕ್ಕೆ, ಅದನ್ನು ಇಲ್ಲಿ ಕೇಳಿ ಫಲ ಇಲ್ಲ.

ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವಾಗ: ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸುಮಾರು 150 ಪದದೊಳಗೆ, ಶುಲ್ಕ 10 ರೂಪಾಯಿ. "ಅಂಗಡಿಯ ಸಂಪೂರ್ಣ ಇತಿಹಾಸ ಕೊಡಿ" ಎಂದು ಬರೆದರೆ "ಲಭ್ಯವಿಲ್ಲ" ಎಂಬ ಒಂದು ಸಾಲಿನ ಉತ್ತರ ಬರುತ್ತದೆ. "ಇಂಥ ವಿಳಾಸದ ಇಂಥ ಹೆಸರಿನ ಶಸ್ತ್ರ ವ್ಯಾಪಾರಿ ಲೈಸನ್ಸಿನ 1960ರಿಂದ 1965ರವರೆಗಿನ ನವೀಕರಣ ಕಡತದ ಪರಿಶೀಲನೆಗೆ ಅವಕಾಶ ಮತ್ತು ನಾನು ಗುರುತಿಸುವ ಪುಟಗಳ ನಕಲು" ಎಂದು ಕೇಳಿ. ವೈಯಕ್ತಿಕ ಮಾಹಿತಿ ಎಂದು ತಳ್ಳಿಹಾಕಿದರೆ 8(3)ನೇ ಕಲಮು ತೋರಿಸಿ: 20 ವರ್ಷ ಕಳೆದ ವಿಷಯಕ್ಕೆ 8(1)ರ ಎ, ಸಿ, ಐ ಈ ಮೂರು ವಿನಾಯಿತಿಗಳು ಮಾತ್ರ ಉಳಿಯುತ್ತವೆ, ವೈಯಕ್ತಿಕ ಮಾಹಿತಿಯ ವಿನಾಯಿತಿ ಅದರಲ್ಲಿ ಇಲ್ಲ. ಇದು ಗೊತ್ತಿಲ್ಲದೆ ಮೊದಲ ತಿರಸ್ಕಾರಕ್ಕೇ ಕೈಬಿಡುವವರು ತುಂಬ.

ಒಂದು ಎಚ್ಚರಿಕೆ. ಲೈಸನ್ಸ್ ಅಂಗಡಿಗೆ ಅಲ್ಲ, ವ್ಯಕ್ತಿಗೆ. ಯಜಮಾನ ತೀರಿಕೊಂಡಾಗ ಅದು ತಾನಾಗಿ ಮಗನಿಗೆ ಬರುವುದಿಲ್ಲ, ಹೊಸದಾಗಿ ಅರ್ಜಿ ಹಾಕಬೇಕು. ಹಾಗಾಗಿ ಕಡತದಲ್ಲಿ "ಹೊಸ ಲೈಸನ್ಸ್ 1936" ಅಂತ ಕಂಡರೆ ಅಂಗಡಿ ಶುರುವಾದದ್ದು ಆಗ ಅಂತ ತಿಳಿಯಬೇಡಿ. ಅದು ತಲೆಮಾರು ಬದಲಾದ ವರ್ಷ ಇರಬಹುದು. ಅಳಿಯಸಂತಾನದ ಕುಟುಂಬವಾದರೆ ಮುಂದಿನ ಹೆಸರು ಮಗನದ್ದಲ್ಲ, ಅಳಿಯನದ್ದು, ಅಂದರೆ ಸೋದರಿಯ ಮಗನದ್ದು. ತಂದೆಯ ಹೆಸರನ್ನೇ ಹಿಡಿದು ಹುಡುಕಿದರೆ ಕೊಂಡಿ ಅಲ್ಲೇ ತಪ್ಪುತ್ತದೆ.

---

ತೋಟೆಕೋವಿ

ಕಾರ್ಕಳದ ಕೋವಿಯನ್ನು ಬಿಡಬೇಡಿ. ಅದನ್ನು ಬಿಚ್ಚುವುದು ಲೈಸನ್ಸುದಾರರೇ ಅಥವಾ ಲೈಸನ್ಸ್ ಇರುವ ರಿಪೇರಿಯವರೇ ಆಗಿರಲಿ. ಮೊದಲು ಕೋವಿಯನ್ನು ಕೀಲಿನಲ್ಲಿ ಮಡಿಸಿ ತೆರೆದು ಎರಡೂ ನಳಿಗೆ ಖಾಲಿ ಎಂದು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಮುಂಗೈ ಹಿಡಿಯುವ ಮರದ ತುಂಡು ತೆಗೆದು ನಳಿಗೆ ಬೇರೆ ಮಾಡಿ. ನಳಿಗೆಯ ಹಿಂಭಾಗದ ಅಡಿಯಲ್ಲಿ, ಮಡಿಸಿದಾಗ ಒಳಗೆ ಕೂರುವ ಚಪ್ಪಟೆ ಜಾಗದಲ್ಲಿ, ನಳಿಗೆ ಗಟ್ಟಿ ಉಂಟೆಂದು ಪರೀಕ್ಷಾಗೃಹದವರು ಒತ್ತಿದ ಮುದ್ರೆಗಳಿರುತ್ತವೆ. ಎಣ್ಣೆ ಜಿಡ್ಡು ಕಟ್ಟಿದ್ದರೆ ಸೀಮೆಎಣ್ಣೆ ಹಚ್ಚಿ ಹಳೆ ಟೂತ್‌ಬ್ರಷ್‌ನಲ್ಲಿ ತಿಕ್ಕಿ. ಉಜ್ಜುಕಾಗದ ಮುಟ್ಟಿಸಬೇಡಿ, ಮುದ್ರೆಯ ಅಂಚು ಹೋದರೆ ಎಲ್ಲ ಹೋಯಿತು. ಫೋಟೋಕ್ಕೆ ಟಾರ್ಚನ್ನು ಬದಿಯಿಂದ ಓರೆಯಾಗಿ ಹಿಡಿಯಿರಿ, ನೇರ ಬೆಳಕಿನಲ್ಲಿ ಏನೂ ಕಾಣುವುದಿಲ್ಲ.

ಬರ್ಮಿಂಗ್‌ಹ್ಯಾಮ್ ಕೋವಿಯಾದರೆ ಹೀಗೆ ಓದಬೇಕು. ಕಿರೀಟದ ಕೆಳಗೆ ಅಡ್ಡ ಹಾಕಿದ ಎರಡು ರಾಜದಂಡ, ನಡುವೆ ಬಿ, ಪಿ, ಸಿ ಅಕ್ಷರ: 1904ಕ್ಕೆ ಮೊದಲು. ಕಿರೀಟದ ಕೆಳಗೆ ಬಿ.ವಿ., ಬಿ.ಪಿ., ಎನ್.ಪಿ. (ಹೊಗೆಯಿಲ್ಲದ ಮದ್ದಿಗೆ ಪರೀಕ್ಷೆಯಾದ ಗುರುತು) ಎಂದು ಬೇರೆ ಬೇರೆ ಮುದ್ರೆ: 1904ರಿಂದ 1954ರ ತನಕ. ಅದರ ಜೊತೆ ತೋಟೆ ಮನೆಯ ಉದ್ದ 2½ ಇಂಚು ಎಂದು ಕೆತ್ತಿದ್ದರೆ 1925ರ ನಂತರ. ಒತ್ತಡವನ್ನು ಟನ್ ಲೆಕ್ಕದಲ್ಲಿ ಬರೆದಿದ್ದರೆ 1954ರ ನಂತರ. "ನಾಟ್ ಫಾರ್ ಬಾಲ್" ಎಂದಿದ್ದರೆ 1875ರಿಂದ 1887ರ ನಡುವಿನ ಚೋಕ್ ನಳಿಗೆ (ಬಾಯಿಯ ಹತ್ತಿರ ಸಪೂರ ಮಾಡಿದ್ದು), ಅಂಥದ್ದು ಸಿಕ್ಕರೆ ಅದೃಷ್ಟ. ಎನ್.ಪಿ. ಲಂಡನ್ನಿನದ್ದಾದರೆ ಅದರ ಮೇಲೆ ಖಡ್ಗ ಹಿಡಿದ ಕೈ. ಬೆಲ್ಜಿಯಂ ಕೋವಿಗಳು ನಮ್ಮ ಕರಾವಳಿಗೆ ಬೇಕಾದಷ್ಟು ಬಂದಿವೆ, ಕಡಿಮೆ ಕ್ರಯದ ಮಾಲು, ಅಂಡಾಕಾರದೊಳಗೆ ಇ.ಎಲ್.ಜಿ., ಅದರ ಕೆಳಗೆ ನಕ್ಷತ್ರ. ಅಂಡದ ಮೇಲೆ ಕಿರೀಟ ಇದ್ದರೆ 1893ರ ನಂತರದ್ದು.

ಎನ್.ಪಿ. ಮುದ್ರೆ ಇಲ್ಲದ, ಮೈಮೇಲೆ ಅಲೆ ಅಲೆಯಾಗಿ ಗೆರೆ ಕಾಣುವ ನಳಿಗೆ ಹಳೆಯ ಕರಿಮದ್ದಿಗೆ ಮಾಡಿದ್ದು. ಈಗಿನ ತೋಟೆ ಹಾಕಿ ಹೊಡೆದರೆ ಸೀಳಬಹುದು. ನೋಡಲಿಕ್ಕೆ ಮಾತ್ರ.

ನಂಬರಿನ ವಿಷಯ. ಒಂದೇ ನಂಬರು ಮೂರು ಕಡೆ ಇರಬೇಕು: ನಳಿಗೆಯ ಅಡಿ, ಕುದುರೆ–ಬೀಗದ ಕಬ್ಬಿಣ, ಮುಂದಿನ ಮರದ ಕಬ್ಬಿಣ. ಒಂದು ಬೇರೆ ಆದರೆ ಭಾಗ ಬದಲಾಗಿದೆ. ಲೈಸನ್ಸ್ ಪುಸ್ತಕದಲ್ಲಿ ಬರೆದ ನಂಬರನ್ನು ಕಣ್ಣುಮುಚ್ಚಿ ನಂಬಬೇಡಿ, ಹಿಂದಿನವರು ಪೇಟೆಂಟ್ ನಂಬರನ್ನೋ ಬೋರಿನ (ನಳಿಗೆಯ ಒಳಗಾತ್ರದ) 12ನ್ನೋ ಬರೆದದ್ದು ಉಂಟು. ಸರಿಯಾದ ನಂಬರು ಸಿಕ್ಕಿದರೆ, ಆ ತಯಾರಕರ ಹಳೆ ಪುಸ್ತಕ ಉಳಿದಿದ್ದರೆ, ಯಾವ ವರ್ಷ ಯಾವ ವ್ಯಾಪಾರಿಗೆ ಕಳಿಸಿದ್ದು ಎಂದು ತಿಳಿಯಬಹುದು. ಆದರೆ ಆ ಪುಸ್ತಕದಲ್ಲಿ ನಿಮ್ಮ ಅಂಗಡಿಯ ಹೆಸರು ನಿರೀಕ್ಷಿಸಬೇಡಿ. ಮಂಗಳೂರಿನಂಥ ಊರಿಗೆ ಮಾಲು ಬರುತ್ತಿದ್ದದ್ದು ಮದ್ರಾಸು, ಬೊಂಬಾಯಿಯ ದೊಡ್ಡ ಆಮದುದಾರರ ಕೈಯಿಂದ. ಮದ್ರಾಸಿನ ಪಿ. ಓರ್ (P. Orr) ಅಂಡ್ ಸನ್ಸ್ ಗಡಿಯಾರದ ಜೊತೆ ಕೋವಿಯನ್ನೂ ಮಾರುತ್ತಿತ್ತು. ಎರಡು ನಳಿಗೆಯ ನಡುವಿನ ಪಟ್ಟಿಯಲ್ಲಿ ಅವರ ಹೆಸರು ಕೆತ್ತಿದ ಕೋವಿಗಳು ದಕ್ಷಿಣದಲ್ಲಿ ಅಲ್ಲಲ್ಲಿ ಇವೆ. ಹಾಗಾಗಿ ಪಟ್ಟಿಯಲ್ಲಿ ಮದ್ರಾಸಿನ ಹೆಸರಿದ್ದರೆ "ನಮ್ಮ ಅಂಗಡಿಯದ್ದಲ್ಲ" ಎಂದು ಬದಿಗಿಡಬೇಡಿ.

---

ಬಂದರ್‌ಬದಿ

ಕಾರ್ಕಳದಿಂದ ಫೋಟೋ ತರಿಸಿದೆ. ಕಿರೀಟ, ಅಡಿಯಲ್ಲಿ ಬಿ.ವಿ., ಬಿ.ಪಿ., ಎನ್.ಪಿ.; 2½ ಅಂತ ಉಂಟು; ಟನ್ ಎಲ್ಲೂ ಇಲ್ಲ. ಇನ್ನೊಂದು ಸಣ್ಣ ವೃತ್ತದೊಳಗೆ ಒಂದು ಅಕ್ಷರ, ಕೆಳಗೆ ಅಂಕೆ. ಪಟ್ಟಿಯಲ್ಲಿ ಯಾರ ಹೆಸರೂ ಇಲ್ಲ.

---

ತೋಟೆಕೋವಿ

ಹಾಗಾದರೆ 1925ರಿಂದ 1954ರ ನಡುವೆ. ವೃತ್ತದೊಳಗಿನ ಅಕ್ಷರ ಪರೀಕ್ಷಾಗೃಹದ ವರ್ಷದ ಗುರುತು. 1921ರ ನಡುವಿನಲ್ಲಿ "ಎ"ಯಿಂದ ಶುರು, ವರ್ಷಕ್ಕೊಂದು ಅಕ್ಷರ. ಅಡಿಯ ಅಂಕೆ ಪರೀಕ್ಷಕನದ್ದು. ಕೆಲವು ಅಕ್ಷರ ಬಿಟ್ಟಿದ್ದಾರೆ, ಬೆರಳೆಣಿಕೆ ಮಾಡಬೇಡಿ, ಅಕ್ಷರ–ವರ್ಷದ ಯಾದಿ ಇಟ್ಟುಕೊಂಡೇ ನೋಡಿ. ಅದು ಪರೀಕ್ಷೆಯಾದ ವರ್ಷ. ಮಂಗಳೂರಿನಲ್ಲಿ ಬಿಕರಿಯಾದದ್ದು ಎರಡು ಮೂರು ವರ್ಷ ಬಿಟ್ಟೂ ಇರಬಹುದು, ಯುದ್ಧದ ಕಾಲವಾದರೆ ಇನ್ನೂ ತಡ. ಬಿಕರಿಯ ತಾರೀಕು ಬೇಕಾದರೆ ಕಾರ್ಕಳದವರ ಮನೆಯ ಮೊದಲ ಲೈಸನ್ಸ್ ಪುಸ್ತಕ ಹುಡುಕಿಸಿ, ಮಾರಿದ ವ್ಯಾಪಾರಿ ಅದರ ಹಿಂಬದಿಯಲ್ಲಿ ಸಹಿ ಹಾಕಿ ಮೊಹರು ಒತ್ತಿರುತ್ತಾನೆ. ಬೆಳೆ ರಕ್ಷಣೆಯ ಲೈಸನ್ಸ್ ಆಗಿದ್ದರೆ 1962ರ ನಿಯಮದಲ್ಲಿ ಅದು 4ನೇ ನಮೂನೆ, ಮಾಮೂಲಿಯದ್ದು 3ನೇ ನಮೂನೆ. ನಮ್ಮ ಕಡೆ ಅಡಿಕೆ ತೋಟದ ಮನೆಗಳಲ್ಲಿ ಹಂದಿ, ಮಂಗಕ್ಕೆ ಅಂತ ತೆಗೆದದ್ದೇ ಹೆಚ್ಚು.

ಖಾಲಿ ತೋಟೆ ಪೆಟ್ಟಿಗೆ ಮೂಲೆಯಲ್ಲಿ ಬಿದ್ದಿದ್ದರೆ ಅದನ್ನೂ ಇಡಿ. "ಐ.ಸಿ.ಐ." ಎಂದಿದ್ದರೆ 1926ರ ಡಿಸೆಂಬರ್ ನಂತರ, ಆ ಕಂಪೆನಿ ಹುಟ್ಟಿದ್ದೇ ಆಗ. ಎಲಿ, ಕೈನಾಕ್ ಎಂಬ ತೋಟೆ ಕಂಪೆನಿಗಳ ಹೆಸರು ಬೇರೆ ಬೇರೆ ಇದ್ದರೆ ಸಾಮಾನ್ಯವಾಗಿ ಅದಕ್ಕಿಂತ ಹಿಂದಿನದ್ದು, ಎಲಿ–ಕೈನಾಕ್ ಎಂದು ಒಟ್ಟಿಗೆ ಇದ್ದರೆ ಈಚಿನದ್ದು. "ಶಕ್ತಿಮಾನ್" ಸ್ವಾತಂತ್ರ್ಯದ ನಂತರ ಖಡ್ಕಿ ಕಾರ್ಖಾನೆಯದ್ದು.

---

ಕಿರ್ದಿಖಾತೆ

ಖಾತೆ ಪುಸ್ತಕದ ವಿಷಯ ಹೇಳುತ್ತೇನೆ. ವಿಕ್ರಮ ಸಂವತ್ಸರ 60 ವರ್ಷಕ್ಕೊಮ್ಮೆ ಬರುತ್ತದೆ: 1880–81, 1940–41, 2000–01. ಕಾರ್ತಿಕ ಶುದ್ಧ 1 ಅಂದರೆ ಬಲಿಪಾಡ್ಯ, ದೀಪಾವಳಿಯ ಅಂಗಡಿ ಪೂಜೆಗೆ ತೆರೆದ ಪುಸ್ತಕ. ಹಾಗಾಗಿ ಒಂದೋ 1880ರ ನವೆಂಬರ್, ಇಲ್ಲ 1940ರ ಅಕ್ಟೋಬರ್ ಕೊನೆ. 1880 ಆದರೆ ಬೋರ್ಡಿನ 1898ಕ್ಕೂ ಹಿಂದೆ ಹೋಯಿತು, ಅದಕ್ಕೇ ಅವಸರ ಬೇಡ.

ಯಾವುದು ಎಂದು ಹೇಳುವುದು ಹೀಗೆ. ತಿಥಿಯ ಜೊತೆ ವಾರ ಬರೆದಿದ್ದರೆ ಕೆಲಸ ಸುಲಭ. ನಾಲ್ಕೈದು ನಮೂದುಗಳ ತಿಥಿ–ವಾರ ತೆಗೆದು ಎರಡೂ ವರ್ಷದ ಪಂಚಾಂಗದೊಂದಿಗೆ ತಾಳೆ ನೋಡಿ, ಒಂದು ಹೊಂದುತ್ತದೆ, ಇನ್ನೊಂದು ಬಿಟ್ಟುಹೋಗುತ್ತದೆ. ವಾರ ಇಲ್ಲದಿದ್ದರೆ ಬಾಡಿಗೆಯ ಬಾಬ್ತು ನೋಡಿ. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. "ರೈಲು ಬಾಡಿಗೆ", "ಪಾರ್ಸೆಲ್" ಎಂಬ ಖರ್ಚು ಸುಮಾರು ಕಡೆ ಇದ್ದರೆ 1880 ಆಗುವ ಸಾಧ್ಯತೆ ತೀರ ಕಡಿಮೆ. ಬರೇ ಪತ್ತೆಮಾರಿ, ಮಚ್ವೆ (ಹಾಯಿಹಡಗು, ದೋಣಿ), ದಕ್ಕೆ ಹಮಾಲಿ ಇದ್ದರೆ ಅಷ್ಟರಿಂದ ಹಳೆಯದು ಎಂದು ಹೇಳಲಿಕ್ಕೆ ಬರುವುದಿಲ್ಲ, ರೈಲು ಬಂದ ಮೇಲೂ ಬೊಂಬಾಯಿಯ ಮಾಲು ಹಡಗಿನಲ್ಲೇ ಬರುತ್ತಿತ್ತು. ಬಸ್ಸು, ಲಾರಿ, ಟಯರು ಕಂಡರೆ ಖಂಡಿತ 1940. ಕಬ್ಬಿಣಕ್ಕೆ ಪರ್ಮಿಟು, ಕಂಟ್ರೋಲ್ ದರ ಎಂಬ ಮಾತು ಪುಸ್ತಕದ ಕೊನೆಗೆ ಬಂದರೂ ಹಾಗೆಯೇ, ಕಬ್ಬಿಣ–ಉಕ್ಕಿನ ನಿಯಂತ್ರಣ ಆದೇಶ 1941ರದ್ದು.

ಇನ್ನೊಂದು ತೊಡಕು ಉಂಟು. ದೀಪಾವಳಿಯಿಂದ ದೀಪಾವಳಿಗೆ ನಡೆಯುವ ಪುಸ್ತಕದ ನಡುವೆ ಯುಗಾದಿ ಬರುತ್ತದೆ, ಅಲ್ಲಿ ವಿಕ್ರಮ ಮುಗಿದು ವೃಷ ಸಂವತ್ಸರ ಹಿಡಿಯುತ್ತದೆ. ಚಾಂದ್ರಮಾನ ಹಿಡಿಯುವ ಅಂಗಡಿಯಲ್ಲಿ ಅದು ಮಾರ್ಚ್–ಏಪ್ರಿಲ್ ಯುಗಾದಿಗೆ. ಸೌರಮಾನದ ತುಳುವ ಲೆಕ್ಕದಲ್ಲಿ ಏಪ್ರಿಲ್ ನಡುವಿನ ಬಿಸುವಿಗೆ. ಆ ನಡುವಿನ ದಿನಗಳ ನಮೂದನ್ನು ತಾರೀಕಿಗೆ ತಿರುಗಿಸುವಾಗ ಒಂದು ಇಡೀ ವರ್ಷ ತಪ್ಪುವುದು ಇಲ್ಲೇ. ಬಂದರಿನ ಗುಜರಾತಿ ವ್ಯಾಪಾರಿಗಳ ಹುಂಡಿ, ಚೀಟಿಯಲ್ಲಿ ಇರುವ "ಸಂವತ್" ಬೇರೆಯೇ, ಅದರಿಂದ 56 ಅಥವಾ 57 ಕಳೆಯಬೇಕು.

ಲೆಕ್ಕ ರೂಪಾಯಿ–ಆಣೆ–ಪೈ: 16 ಆಣೆ, 192 ಪೈ. ರೂಪಾಯಿಯ ಮುಂದಿನ ನಿಂತ ಗೆರೆ ಒಂದೊಂದೂ ಕಾಲು ರೂಪಾಯಿ, ಅಡ್ಡ ಗೆರೆ ಒಂದೊಂದೂ ಆಣೆ. ನಿಂತ ಗೆರೆಯನ್ನು ಅಂಕೆ 1 ಎಂದು ಓದಿದರೆ ಮೊತ್ತ ಎಲ್ಲಿಗೋ ಹೋಗುತ್ತದೆ. ಪುಟದ ಕೆಳಗಿನ ಬೆರೀಜು ಕೂಡಿ ಬರುತ್ತದೋ ಎಂದು ಪ್ರತಿ ಪುಟಕ್ಕೂ ನೋಡಿ. ತೂಕದಲ್ಲೂ ಹಾಗೆ. ಮಂಗಳೂರಿನ ಮಣ ಸುಮಾರು 28 ರಾತಲು (ಪೌಂಡು), ರೈಲ್ವೆಯ ಬಂಗಾಳಿ ಮಣ 82 ರಾತಲಿಗೂ ಮೇಲೆ. ರೈಲ್ವೆ ರಸೀದಿಯಲ್ಲಿ 10 ಮಣ ಮೊಳೆ, ಅಂಗಡಿ ಪುಸ್ತಕದಲ್ಲಿ ಸುಮಾರು 29 ಮಣ ಎಂದು ಕಂಡರೆ ಯಾರೂ ಮೋಸ ಮಾಡಿದ್ದಲ್ಲ.

ಪುಸ್ತಕದಲ್ಲಿ ಕೋವಿಯ ಖಾತೆಯನ್ನು "ಕೋವಿ" ಎಂಬ ಹೆಸರಿನಲ್ಲೇ ಹುಡುಕಬೇಡಿ. "12 ಬೋ. ಎಸ್.ಜಿ. 25", "ಎಲ್.ಜಿ.", "6 ನಂ." ಎಂದೆಲ್ಲ ಇದ್ದರೆ ಅದು ತೋಟೆ, ಎಲ್.ಜಿ., ಎಸ್.ಜಿ. ಹಂದಿಗೆ ಹೊಡೆಯುವ ದಪ್ಪ ಗುಂಡು, 6 ನಂಬರು ಹಕ್ಕಿಗೆ. 25 ಎಂದರೆ ಒಂದು ಪೆಟ್ಟಿಗೆ. ಕೇಪು ನೂರರ ಲೆಕ್ಕ, ಸೀಸ ರಾತಲಿನ ಲೆಕ್ಕ. ಬತ್ತಿ, ಮದ್ದು ಒಟ್ಟಿಗೆ ಹೋಗಿದ್ದರೆ ಅದು ಬಾವಿ ತೋಡುವವರಿಗೆ, ಕಲ್ಲು ಒಡೆಯುವವರಿಗೆ, ಬೇಟೆಗೆ ಅಲ್ಲ. ನನ್ನ ಪ್ರಕಾರ ಕೋವಿ ಮತ್ತು ಹಾರ್ಡ್‌ವೇರ್ ಒಂದೇ ಸೂರಿನಡಿ ಬಂದದ್ದೇ ಈ ಗಿರಾಕಿಗಳಿಂದ. ಪಿಕ್ಕಾಸು, ಹಾರೆ, ಮದ್ದು ಕೊಂಡವನೇ ಮಳೆಗಾಲಕ್ಕೆ ಮುಂಚೆ ಮೈಲುತುತ್ತು, ಹಂದಿ ಇಳಿಯುವ ಸಮಯಕ್ಕೆ ತೋಟೆ ಕೊಂಡ. ತಿಂಗಳವಾರು ಮೈಲುತುತ್ತು ಮತ್ತು ತೋಟೆಯ ಬಿಕರಿ ಎರಡನ್ನೂ ಬರೆದು ನೋಡಿ, ಅಂಗಡಿಯ ಸ್ವರೂಪ ತಿಳಿಯುತ್ತದೆ.

---

ಮೂಲಗೇಣಿ

ಉಡುಪಿಯಿಂದ. ಬಿಲ್ಲಿನ ಕಾಲ ಹೇಳಲಿಕ್ಕೆ ಬಿಲ್ಲಿನ ತಲೆಯೇ ಸಾಕು, ಒಂದು ಷರತ್ತು: ಅಚ್ಚಾದ ಕಾಲ ಬೇರೆ, ಬರೆದ ಕಾಲ ಬೇರೆ. ಸಾವಿರ ಬಿಲ್ಲು ಒಮ್ಮೆ ಅಚ್ಚು ಹಾಕಿಸಿದರೆ ಮುಗಿಯುವ ತನಕ ಬಳಸುತ್ತಿದ್ದರು. ಆಣೆ–ಪೈ ಕಾಲಮ್ಮಿನಲ್ಲಿ ನಯಾಪೈಸೆ ಬರೆದ ಬಿಲ್ಲು ಸಿಕ್ಕರೆ ಅದು 1957 ಏಪ್ರಿಲ್ ದಾಟಿದ್ದು, ಕಾಗದ ಮಾತ್ರ ಹಿಂದಿನದ್ದು. "ನಯಾ" ಬಿಟ್ಟು ಬರೇ ಪೈಸೆ 1964ರ ಜೂನ್‌ನಿಂದ.

"ಎಸ್.ಕೆ." ಎಂದರೆ ಸೌತ್ ಕೆನರಾ, "ಡಿ.ಕೆ." ರೂಢಿಗೆ ಬಂದದ್ದು 1970ರ ದಶಕದಲ್ಲಿ. "ಮೈಸೂರು ಸ್ಟೇಟ್" ಇದ್ದರೆ 1956 ನವೆಂಬರ್‌ನಿಂದ 1973 ನವೆಂಬರ್ ನಡುವೆ. 575001 ಎಂಬ ಪಿನ್ 1972 ಆಗಸ್ಟ್ 15ಕ್ಕೆ ಮೊದಲು ಇರಲಿಕ್ಕೆ ಸಾಧ್ಯವಿಲ್ಲ. ಮಾರಾಟ ತೆರಿಗೆಯ ನಂಬರೂ ಉಪಕಾರಿ: ಮದ್ರಾಸ್ ಕಾಯ್ದೆ 1939ರದ್ದು, ಮೈಸೂರಿನದ್ದು 1957ರದ್ದು. ಮೇಲೆ ಅಂಟಿಸಿದ ಒಂದಾಣೆ ಸ್ಟಾಂಪಿನಲ್ಲಿ ಆರನೇ ಜಾರ್ಜ್ ಇದ್ದರೆ 1937ರ ನಂತರ. ಸ್ಟಾಂಪು ತೆಗೆದು ನೋಡಬೇಡಿ, ಅದರ ಮೇಲೆ ಅಡ್ಡ ಹಾಕಿದ ಸಹಿಯೇ ಸಾಕ್ಷಿ.

ಬಿಲ್ಲಿನ ತಳದಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ ಮುದ್ರಕರ ಹೆಸರು ಇರುತ್ತದೆ, ಕೆಲವೊಮ್ಮೆ ವರ್ಷ ಮತ್ತು ಪ್ರತಿಗಳ ಸಂಖ್ಯೆಯೂ. ಬಾಸೆಲ್ ಮಿಷನ್ ಪ್ರೆಸ್ 1841ರಿಂದ, ಕೊಡಿಯಾಲಬೈಲ್ ಪ್ರೆಸ್ 1882ರಿಂದ. "ಕೆನರೀಸ್ ಮಿಷನ್ ಪ್ರೆಸ್" ಎಂದು ಕಂಡರೆ ಬಂಗಾರ: ಮೊದಲ ಮಹಾಯುದ್ಧದಲ್ಲಿ ಬಾಸೆಲಿನವರ ಆಸ್ತಿ ಕೈತಪ್ಪಿದ ಮೇಲೆ ಕೆಲಕಾಲ ಮಾತ್ರ ಇದ್ದ ಹೆಸರು ಅದು.

ಜಾಗದ ದಾಖಲೆಗೆ ಬನ್ನಿ. ರಥಬೀದಿ–ಬಂದರ್ ಸುತ್ತಿನ ಸಾಕಷ್ಟು ಜಾಗ ಕಸಬಾ ಬಜಾರ್ ಗ್ರಾಮದಲ್ಲಿ ಬರುತ್ತದೆ. ಡೋರ್ ನಂಬರ್ ಹಿಡಿದು ಉಪನೋಂದಣಾಧಿಕಾರಿ ಕಚೇರಿಗೆ ಹೋಗಬೇಡಿ, ಅದು ಎಷ್ಟು ಸಲ ಬದಲಾಗಿದೆಯೋ. ಸರ್ವೆ ನಂಬರ್ ತೆಗೆದುಕೊಂಡು ಹೋಗಿ ಋಣಭಾರ ಪತ್ರ ಕೇಳಿ. ಕಂಪ್ಯೂಟರ್‌ಗೆ ಏರದ ಹಳೆ ವರ್ಷಗಳಿಗೆ ಕೈಯಲ್ಲಿ ಹುಡುಕಿಸಬೇಕು, ಹತ್ತು ಹತ್ತು ವರ್ಷದ ಕಂತಿನಲ್ಲಿ ಕೇಳಿದರೆ ಗುಮಾಸ್ತರಿಗೂ ಅನುಕೂಲ. ಸ್ಥಿರಾಸ್ತಿ ಪತ್ರಗಳು 1ನೇ ಪುಸ್ತಕದಲ್ಲಿ, ಅದನ್ನು ಯಾರು ಬೇಕಾದರೂ ನೋಡಬಹುದು. ಉಯಿಲು 3ನೇಯದ್ದರಲ್ಲಿ, ಪಾಲುದಾರಿಕೆ ಕರಾರಿನಂಥದ್ದು 4ನೇಯದ್ದರಲ್ಲಿ. ಉಯಿಲಿನ ನಕಲು ಬರೆದವರು ಬದುಕಿರುವ ತನಕ ಅವರಿಗೆ ಮಾತ್ರ, ತೀರಿಕೊಂಡ ಮೇಲೆ ಯಾರು ಬೇಕಾದರೂ ಕೇಳಬಹುದು; 4ನೇಯದ್ದರ ನಕಲು ಬರೆದುಕೊಟ್ಟವರಿಗೆ ಅಥವಾ ಅವರ ಹಕ್ಕುದಾರರಿಗೆ ಮಾತ್ರ, ಆದ್ದರಿಂದ ವಂಶವೃಕ್ಷ, ಮರಣ ಪ್ರಮಾಣಪತ್ರ ಜೊತೆಗಿರಲಿ.

ಮುಖ್ಯವಾಗಿ ಹುಡುಕಬೇಕಾದದ್ದು ಪಾಲುಪಟ್ಟಿ. ಅಣ್ಣತಮ್ಮಂದಿರು ಬೇರೆಯಾದಾಗ ಅಂಗಡಿಯ ಮಾಲು, ಬಾಕಿ, ಹೆಸರು ಯಾರಿಗೆ ಎಂದು ವಿವರವಾಗಿ ಬರೆದಿರುತ್ತಾರೆ, "ಇಂಥವರು ಇಂಥ ವರ್ಷದಿಂದ ನಡೆಸುತ್ತಿದ್ದ ವ್ಯಾಪಾರ" ಎಂಬ ಪೀಠಿಕೆಯೂ ಇರುತ್ತದೆ. ಜಾಗ ದೇವಸ್ಥಾನದ್ದೋ ಮಠದ್ದೋ ಮೂಲಗೇಣಿಯಾಗಿದ್ದರೆ (ಕಾಯಂ ಗೇಣಿ) ಅವರ ಗೇಣಿ ಲೆಕ್ಕದಲ್ಲಿ ವರ್ಷವರ್ಷವೂ ಹೆಸರು ಬಂದಿರಬೇಕು. ನಗರಸಭೆಯ ಕಡೆಯಿಂದ, 1920ರ ಮದ್ರಾಸ್ ಮುನಿಸಿಪಾಲಿಟಿ ಕಾಯ್ದೆಯಲ್ಲಿ ಮದ್ದು, ಗಂಧಕದಂಥ ಅಪಾಯದ ಸಾಮಾನು ಇಡಲಿಕ್ಕೆ "ಡಿ ಅಂಡ್ ಓ" (ಅಪಾಯದ, ಉಪದ್ರವದ ವ್ಯಾಪಾರದ) ಲೈಸನ್ಸ್ ಬೇಕಿತ್ತು. ಕೋವಿ ಲೈಸನ್ಸಿನ ಕಡತ ಹೋಗಿದ್ದರೂ ಇದರ ರಸೀದಿ ಉಳಿದಿರಬಹುದು.

1898ರ ಬಗ್ಗೆ: ಥ್ಯಾಕರ್ಸ್ ಡೈರೆಕ್ಟರಿ, ಮದ್ರಾಸಿನ ಅಸೈಲಂ ಪ್ರೆಸ್ ಅಲ್ಮನಾಕ್ ಎರಡರಲ್ಲೂ ಊರುವಾರು ವ್ಯಾಪಾರಿಗಳ ಪಟ್ಟಿ ಉಂಟು, ಹಲವು ವರ್ಷದ ಪ್ರತಿಗಳು ಜಾಲದಲ್ಲಿ ಸಿಗುತ್ತವೆ. ಐದೈದು ವರ್ಷಕ್ಕೊಂದು ಪ್ರತಿ ನೋಡಿ. ಹೆಸರು ಸಿಕ್ಕರೆ ಗಟ್ಟಿ. ಸಿಗದಿದ್ದರೆ ಅಂಗಡಿ ಇರಲಿಲ್ಲ ಎಂದಲ್ಲ, ಯುರೋಪಿಯನ್ ಕಂಪೆನಿ ಮತ್ತು ದೊಡ್ಡ ವರ್ತಕರನ್ನೇ ಹೆಚ್ಚಾಗಿ ಹಾಕುತ್ತಿದ್ದರು. ರಸ್ತೆಯ ಹಳೆ ಫೋಟೋಗಳಿಗೆ ಬಾಸೆಲ್ ಮಿಷನ್ನಿನ ಚಿತ್ರಸಂಗ್ರಹ ಜಾಲದಲ್ಲೇ ಇದೆ, ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲೂ ವಿಚಾರಿಸಿ.

---

ಹಳೆಕಡತ

ಮೂಲಗೇಣಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಬೋರ್ಡಿನ "ಸ್ಥಾಪನೆ" ವರ್ಷ ಹೆಚ್ಚಿನ ಕಡೆ ಹಾರ್ಡ್‌ವೇರ್‌ನದ್ದೋ, ಅದಕ್ಕೂ ಹಿಂದಿನ ದಿನಸಿ, ಎಣ್ಣೆ ಅಂಗಡಿಯದ್ದೋ ಆಗಿರುತ್ತದೆ. ಕೋವಿ ಲೈಸನ್ಸ್ ಒಂದು ತಲೆಮಾರು ಬಿಟ್ಟು ಬಂದಿರುತ್ತದೆ. ಬರೆಯುವಾಗ ಎರಡು ತಾರೀಕನ್ನೂ ಬೇರೆ ಬೇರೆ ಇಡಿ, ಒಂದನ್ನು ಹಿಡಿದು ಇನ್ನೊಂದನ್ನು ತಳ್ಳಿಹಾಕಬೇಡಿ. 1923ರ ಆಗಸ್ಟಿನ ನೆರೆಗೆ ನದಿ ಬದಿಯ ಗೋದಾಮುಗಳು ಮುಳುಗಿದ್ದವು, ಅದಕ್ಕೆ ಹಿಂದಿನ ಪುಸ್ತಕ ಒಂದೂ ಇಲ್ಲದಿದ್ದರೆ ಆ ಕಾರಣವನ್ನೂ ಯೋಚಿಸಿ.

---

ಬಂದರ್‌ಬದಿ

ಖಾತೆಯಲ್ಲಿ "ರೈ. ಬಾ." ಅಂತ ಸುಮಾರು ಕಡೆ ಉಂಟು, ಒಂದು ಕಡೆ "ಲಾರಿ ಕೂಲಿ". ಹಾಗಾದರೆ 1940 ಆಯಿತು. ಆ ನೇರಳೆ ಅಕ್ಷರದ ತೆಳ್ಳಗಿನ ಪುಸ್ತಕ ಎಂತದ್ದು? ಅದಲ್ಲದೆ ಅಟ್ಟದಲ್ಲಿ ಸೀಲು ಒಡೆಯದ ಎರಡು ತಗಡಿನ ಡಬ್ಬಿ, ಒಂದು ಕೇಪಿನ ಪೆಟ್ಟಿಗೆ ಸಿಕ್ಕಿದೆ.

---

ಕಿರ್ದಿಖಾತೆ

ಅದು ಕಳಿಸಿದ ಪತ್ರಗಳ ನಕಲು ಪುಸ್ತಕ. ಅನಿಲಿನ್ ಶಾಯಿಯಲ್ಲಿ ಬರೆದ ಪತ್ರವನ್ನು ಒದ್ದೆ ಮಾಡಿದ ತೆಳು ಹಾಳೆಗೆ ತಾಗಿಸಿ ಕಬ್ಬಿಣದ ಒತ್ತುಯಂತ್ರದಲ್ಲಿ ಹಿಂಡುತ್ತಿದ್ದರು; ಅಕ್ಷರ ಉಲ್ಟಾ ಬೀಳುತ್ತದೆ, ಹಾಳೆಯ ಇನ್ನೊಂದು ಬದಿಯಿಂದ ಓದಬೇಕು. ನಿಮ್ಮಲ್ಲಿ ಇರುವುದರಲ್ಲಿ ಬೆಲೆಬಾಳುವುದು ಅದೇ: ಬೊಂಬಾಯಿ, ಮದ್ರಾಸಿಗೆ ಕಳಿಸಿದ ಆರ್ಡರು, ಕಲೆಕ್ಟರಿಗೆ ಬರೆದ ನವೀಕರಣದ ಅರ್ಜಿ ಎಲ್ಲ ಅದರಲ್ಲಿ ಇರುತ್ತದೆ. ಮೊದಲು ಹಿಂದಿನ ಸೂಚಿಪುಟ ನೋಡಿ.

ಆ ಶಾಯಿ ನೀರಿಗೆ ಕರಗುತ್ತದೆ. ಒದ್ದೆ ಬೆರಳಲ್ಲಿ ಪುಟ ತಿರುಗಿಸಬೇಡಿ, ಆಟಿ ತಿಂಗಳ ಮಳೆಗೆ ಬಿಚ್ಚಬೇಡಿ, ಬಿಸಿಲಿಗೂ ಹಾಕಬೇಡಿ, ನೇರಳೆ ಬಣ್ಣ ಹಾರಿಹೋಗುತ್ತದೆ. ಒಂದೊಂದು ಹಾಳೆಯ ಅಡಿಗೆ ಬಿಳಿ ಕಾಗದ ತೂರಿಸಿ, ಕ್ಯಾಮರಾ ನೇರ ಮೇಲೆ ಇಟ್ಟು ಫೋಟೋ ತೆಗೆಯಿರಿ. ಉಲ್ಟಾ ಬಿದ್ದದ್ದನ್ನು ಫೋನಿನಲ್ಲೇ ತಿರುಗಿಸಿದರಾಯಿತು. ಸೆಲೋಟೇಪ್, ಲ್ಯಾಮಿನೇಶನ್ ಎರಡೂ ಬೇಡ.

---

ತೋಟೆಕೋವಿ

ಡಬ್ಬಿ ಮುಟ್ಟಬೇಡಿ. ಮುಚ್ಚಳ ತಿರುಗಿಸುವುದು, ಕುಲುಕಿ ನೋಡುವುದು, ಫೋಟೋಕ್ಕಾಗಿ ಕೆಳಗೆ ಇಳಿಸುವುದು ಯಾವುದೂ ಬೇಡ. ಕರಿಮದ್ದಿಗೆ ವಯಸ್ಸಾದರೂ ಉರಿಯುವ ಗುಣ ಹೋಗುವುದಿಲ್ಲ. ತುಕ್ಕು ಹಿಡಿದ ಮುಚ್ಚಳದ ತಿಕ್ಕಾಟವೇ ಸಾಕು. ಹಳೆ ಕೇಪಿನೊಳಗಿನದ್ದು ಪೆಟ್ಟು ಬಿದ್ದರೆ ಸಿಡಿಯಲಿಕ್ಕೇ ಮಾಡಿದ್ದು. ಅಟ್ಟಕ್ಕೆ ಯಾರನ್ನೂ ಹತ್ತಿಸದೆ ಠಾಣೆಗೆ ಲಿಖಿತವಾಗಿ ತಿಳಿಸಿ, ಸ್ವೀಕೃತಿ ತೆಗೆದುಕೊಳ್ಳಿ, ಅವರು ಬಾಂಬ್ ನಿಷ್ಕ್ರಿಯ ದಳದವರನ್ನು ಕರೆಸುತ್ತಾರೆ. ಲೇಬಲಿನ ಫೋಟೋ ಬೇಕಿದ್ದರೆ ಅವರ ಕೈಯಲ್ಲೇ ತೆಗೆಸಿ.

ಅಟ್ಟದಲ್ಲಿ ಕೋವಿಯೂ ಸಿಕ್ಕರೆ, ತುಕ್ಕು ಹಿಡಿದ ಕೇಪಿನ ಕೋವಿ ಆದರೂ, ಲೈಸನ್ಸ್ ಇಲ್ಲದೆ ಮನೆಯಲ್ಲಿ ಇಡುವ ಹಾಗಿಲ್ಲ. ರಿಪೇರಿ ಮಾಡಿದರೂ ಹೊಡೆಯಲಿಕ್ಕೆ ಬಾರದ ಪುರಾತನ ಆಯುಧಕ್ಕೆ 45ನೇ ಕಲಮಿನಲ್ಲಿ ವಿನಾಯಿತಿ ಇದೆ, ಆದರೆ ಅದು ಅಂಥದ್ದು ಹೌದೋ ಎಂದು ತೀರ್ಮಾನಿಸುವುದು ನೀವಲ್ಲ. 21ನೇ ಕಲಮಿನ ಪ್ರಕಾರ ಠಾಣೆಯಲ್ಲಿ ಅಥವಾ ಲೈಸನ್ಸ್ ಇರುವ ವ್ಯಾಪಾರಿಯಲ್ಲಿ ಠೇವಣಿ ಇಟ್ಟು ರಸೀದಿ ಪಡೆಯಿರಿ, ನಂಬರು, ಮುದ್ರೆ ಓದುವುದು ಆಮೇಲೆ. ಇಲ್ಲಿ ಫೋಟೋ ಹಾಕುವಾಗ ಕಾರ್ಕಳದವರ ಲೈಸನ್ಸ್ ನಂಬರು, ಮನೆ ಹೆಸರು ಮುಚ್ಚಿ ಹಾಕಿ. ವೃತ್ತದೊಳಗಿನ ಅಕ್ಷರ ಮಾತ್ರ ಹತ್ತಿರದಿಂದ ಬೇಕು.